ನೀರಿನ 2.7 ಮಿಲಿಮೀಟರ್ ಗಡಿ

ಬಾಹ್ಯಾಕಾಶ ನಿಲ್ದಾಣದಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನೀರಿನ ಉಂಡೆಯೊಂದನ್ನು ತೇಲಿಬಿಟ್ಟು ಆಟವಾಡಿದ ವಿಡಿಯೊ ನೋಡಿ ಹಾವೇರಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ‘ಗುರುತ್ವವೇ ಇಲ್ಲದ ಜಾಗದಲ್ಲಿ ನೀರು ಚೆಲ್ಲಾಪಿಲ್ಲಿಯಾಗಿ ಹಾರಿಹೋಗಬೇಕಿತ್ತಲ್ಲ, ಉಂಡೆ ಕಟ್ಟಿಕೊಂಡು ಕೂತದ್ದು ಹೇಗೆ?’ ಎಂಬುದು ಅವರ ಪ್ರಶ್ನೆ. ಸೊಗಸಾದ ಪ್ರಶ್ನೆ. ಅದರ ಮೊದಲರ್ಧ ಮಾತ್ರ ಪೂರ್ತಿ ತಪ್ಪು. ಹಾಗೆಂದು ಅವರನ್ನು ದೂರುವಂತಿಲ್ಲ. ಟಿವಿ ವಾಹಿನಿಗಳು ಶುಕ್ಲಾ ಅಲ್ಲಿದ್ದ ದಿನಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹೇಳುತ್ತಿದ್ದದ್ದೂ ಅದನ್ನೇ.

ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ಕೇಂದ್ರದಿಂದ ನಾವೇ 6,400 ಕಿಲೋಮೀಟರ್ ದೂರದಲ್ಲಿರುವಾಗ ಇನ್ನೊಂದು 400 ಏನು ಮಹಾ? ಲೆಕ್ಕ ಹಾಕಿದರೆ ಅಲ್ಲಿನ ಗುರುತ್ವ ನಮ್ಮಲ್ಲಿರುವುದರ ಶೇ. 89ರಷ್ಟಿದೆ. ಅಷ್ಟು ದೂರದ ಚಂದ್ರನನ್ನೇ ಹಿಡಿದು ಸುತ್ತಿಸುವ ಭೂಮಿ ಈ ನಿಲ್ದಾಣವನ್ನು ಬಿಟ್ಟೀತೇ? ಅಲ್ಲಿ ಇಲ್ಲದ್ದು ಗುರುತ್ವವಲ್ಲ, ತೂಕ. ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಓಡುತ್ತಲೇ ನಿಲ್ದಾಣ ಭೂಮಿಯತ್ತ ಬೀಳುತ್ತಿದೆ. ಅದು ಬಿದ್ದಷ್ಟೂ ಭೂಮಿಯ ಮೈ ಬಾಗಿ ಕೆಳಗೆ ಸರಿಯುತ್ತಿರುವುದರಿಂದ ನೆಲ ಮುಟ್ಟುವುದೇ ಇಲ್ಲ. ಒಳಗಿನ ಮನುಷ್ಯರು, ಚಮಚ, ನೀರು ಎಲ್ಲವೂ ಒಟ್ಟೊಟ್ಟಿಗೆ ಬೀಳುತ್ತಿವೆ. ಜೊತೆಯಲ್ಲೇ ಬೀಳುತ್ತಿರುವ ನೆಲದ ಮೇಲೆ ಭಾರ ಹಾಕುವುದು ಯಾರಿಂದಲೂ ಸಾಧ್ಯವಿಲ್ಲ.

ಇದನ್ನು ನಂಬಲು ರಾಕೆಟ್ ಹತ್ತಬೇಕಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಒಂದು ತೂತು ಮಾಡಿ, ಬೆರಳಿನಿಂದ ಮುಚ್ಚಿ ನೀರು ತುಂಬಿಸಿ. ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ, ಅದು ಗೊತ್ತಿದ್ದದ್ದೇ. ಈಗ ಹಾಗೆ ಚಿಮ್ಮುತ್ತಿರುವ ಬಾಟಲಿಯನ್ನೇ ತಾರಸಿಯಿಂದ ಕೈಬಿಡಿ. ಬೀಳುವಷ್ಟು ಹೊತ್ತೂ ತೂತಿನಿಂದ ಒಂದು ಹನಿಯೂ ಹೊರಬರುವುದಿಲ್ಲ! ಕೆಳಗೆ ನಿಂತವರು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿಕೊಂಡರೆ ಇನ್ನೂ ಚೆನ್ನ. ತೂತಿನ ಬಳಿಯ ನೀರನ್ನು ಹೊರಗೆ ನೂಕುತ್ತಿದ್ದದ್ದು ಮೇಲಿನ ನೀರಿನ ಭಾರ. ಮೇಲಿನದೂ ಕೆಳಗಿನದೂ ಒಂದೇ ವೇಗದಲ್ಲಿ ಬೀಳತೊಡಗಿದ ಮೇಲೆ ಯಾರನ್ನು ಯಾರು ಒತ್ತಬೇಕು? ಗುರುತ್ವ ನಿಮ್ಮ ಅಂಗಳದಿಂದ ಎಲ್ಲೂ ಓಡಿಹೋಗಿಲ್ಲ, ಆದರೂ ನೀರಿಗೆ ತೂಕವಿಲ್ಲ. ಮದ್ರಾಸಿನ ಐಐಟಿಯವರು ಇದೇ ಕೆಲಸಕ್ಕೆಂದು ಗೋಪುರವನ್ನೇ ಕಟ್ಟಿಸಿಕೊಂಡಿದ್ದಾರೆ. ಅದರೊಳಗೆ ಉಪಕರಣಗಳನ್ನು ಬೀಳಿಸಿದರೆ ಎರಡೂವರೆ ಸೆಕೆಂಡಿನ ಬಾಹ್ಯಾಕಾಶ ಸಿಗುತ್ತದೆ. ಜರ್ಮನಿಯ ಬ್ರೆಮೆನ್ ಗೋಪುರದಲ್ಲಿ 4.7 ಸೆಕೆಂಡು.

ಇನ್ನು ಉಂಡೆಯ ವಿಚಾರ. ನೀರಿನ ಮೇಲೆ ಎರಡು ಬಲಗಳು ಸದಾ ಜಗ್ಗಾಡುತ್ತಿರುತ್ತವೆ. ಗುರುತ್ವ ಅದನ್ನು ಚಪ್ಪಟೆಯಾಗಿ ಹರಡಿ ತಗ್ಗಿಗೆ ಇಳಿಸಲು ನೋಡುತ್ತದೆ. ಮೇಲ್ಮೈ ಎಳೆತವಾದರೋ ಅಣುಗಳನ್ನು ಒಳಕ್ಕೆ ಸೆಳೆದು ಗುಂಡಗೆ ಮಾಡಲು ನೋಡುತ್ತದೆ. ಗೆಲ್ಲುವುದು ಯಾರು ಎಂಬುದನ್ನು ತೀರ್ಮಾನಿಸುವುದು ಗಾತ್ರ. ಆ ಗಾತ್ರದ ಗಡಿಯೇ, ನನಗೆ ತುಂಬ ಇಷ್ಟವಾದ ಸಂಖ್ಯೆಗಳಲ್ಲೊಂದಾದ, 2.7 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಹನಿಗೆ ಗುರುತ್ವದ ಪರಿವೆಯೇ ಇರುವುದಿಲ್ಲ. ಮಳೆ ನಿಂತ ಮೇಲೆ ಕೆಸುವಿನ ಎಲೆಯನ್ನು ಬಗ್ಗಿ ನೋಡಿ: ಸಾಸಿವೆ ಗಾತ್ರದ ಹನಿಗಳೆಲ್ಲ ಅಚ್ಚುಕಟ್ಟಾದ ಗೋಲಿಗಳು, ಎಲೆಯ ನಡುವೆ ಕೂಡಿಕೊಂಡ ದೊಡ್ಡ ಹನಿ ಮಾತ್ರ ನೆತ್ತಿ ತಗ್ಗಿಸಿ ಚಪ್ಪಟೆ. ನೀರಿನ ಮೇಲೆ ಓಡಾಡುವ ಜೇಡದಂಥ ಕೀಟಗಳು, ಬತ್ತಿಗೆ ಏರುವ ಎಣ್ಣೆ, ಮಣ್ಣಿನ ಸಣ್ಣ ಸಂದುಗಳಲ್ಲಿ ಬೇಸಗೆಯಲ್ಲೂ ಉಳಿಯುವ ತೇವ, ಎಲ್ಲವೂ ಈ ಗಡಿಯ ಒಳಗಿನ ಸಂಸಾರ. ನಮ್ಮ ಕೊಡ, ಬಾವಿ, ಕೆರೆಗಳು ಗಡಿಯ ಆಚೆಗಿನವು. ಹಾಗಾಗಿ ಚಿಕ್ಕ ಗಾತ್ರದ ಈ ದರ್ಬಾರು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ಬಿದ್ದಾಗ ಪವಾಡ ಎನ್ನುತ್ತೇವೆ.

1995ರ ಸೆಪ್ಟೆಂಬರ್ 21 ನೆನಪಿರಬಹುದು. ಗಣಪತಿ ಹಾಲು ಕುಡಿಯುತ್ತಿದ್ದಾನೆಂಬ ಸುದ್ದಿ ದಿಲ್ಲಿಯಿಂದ ಹೊರಟು ಒಂದೇ ದಿನದಲ್ಲಿ ದೇಶವೆಲ್ಲ ಹಬ್ಬಿ, ವಿದೇಶದ ಗುಡಿಗಳಿಗೂ ತಲುಪಿತು. ವಾಟ್ಸ್‌ಆ್ಯಪ್ ಇಲ್ಲದ ಕಾಲ ಅದು! ಕೆಲಸ ಬಿಟ್ಟು, ಚಮಚ ಹಿಡಿದು ಜನ ಸಾಲುಗಟ್ಟಿದರು. ಚಮಚದಲ್ಲಿ ಅಂಚಿನವರೆಗೆ ಹಾಲು ತುಂಬಿಸಿದಾಗ ಮೇಲ್ಮೈ ಎಳೆತದಿಂದ ಅದು ಅಂಚಿಗಿಂತ ತುಸು ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಒದ್ದೆಯಾದ ಕಲ್ಲಿನ ಸೊಂಡಿಲಿಗೆ ತಾಗಿದರೆ ಸಾಕು, ಕಲ್ಲು ಅದನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಸೆಳೆದದ್ದನ್ನು ಗುರುತ್ವ ಕೆಳಗಿಳಿಸುತ್ತದೆ, ಖಾಲಿಯಾದ ಜಾಗಕ್ಕೆ ಚಮಚದಿಂದ ಇನ್ನಷ್ಟು ಬರುತ್ತದೆ. ತೆಳ್ಳನೆಯ ಪದರವಾಗಿ ಮೂರ್ತಿಯ ಮೈಮೇಲೆ ಜಾರಿ ಪೀಠದಲ್ಲಿ ಕೂಡಿಕೊಂಡ ಹಾಲು ಬಿಳಿಯ ಅಮೃತಶಿಲೆಯ ಮೇಲೆ ಕಾಣುವುದಾದರೂ ಹೇಗೆ? ಸರ್ಕಾರದ ವಿಜ್ಞಾನ ಇಲಾಖೆಯವರು ಬಂದು ಬಣ್ಣ ಬೆರೆಸಿದ ಹಾಲನ್ನು ಹಿಡಿದಾಗ ಅದು ಇಳಿದ ದಾರಿಯೆಲ್ಲ ಢಾಳಾಗಿ ಕಂಡಿತು. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ, ನೈವೇದ್ಯ ಹಿಡಿದವರ ಭಕ್ತಿಯ ಬಗ್ಗೆಯೂ ಇಲ್ಲ. ತಕರಾರಿರುವುದು ಕೆಳಗೆ ಬಗ್ಗಿ ಪೀಠವನ್ನು ನೋಡದೆ ಸುದ್ದಿ ಹಬ್ಬಿಸಿದ, ಓದುಬರಹ ಬಲ್ಲ ಮಂದಿಯ ಮೇಲೆ.

2.7 ಮಿಲಿಮೀಟರಿನ ಆ ಗಡಿಯನ್ನು ಹಿಗ್ಗಿಸಲು ಬರುತ್ತದೆ ಎನ್ನುವುದೇ ಇಡೀ ಕತೆಯ ರಸವತ್ತಾದ ಭಾಗ. ಬೆಲ್ಜಿಯಂನ ಜೋಸೆಫ್ ಪ್ಲಾಟೊ ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನು ಮಾಡಿ ತೋರಿಸಿದ. ನೀರಿಗೆ ಆಲ್ಕೋಹಾಲ್ ಬೆರೆಸುತ್ತ ಹೋಗಿ, ಅದರ ಸಾಂದ್ರತೆ ಆಲಿವ್ ಎಣ್ಣೆಯ ಸಾಂದ್ರತೆಗೆ ಸಮನಾದಾಗ ಎಣ್ಣೆಯನ್ನು ಒಳಗೆ ಬಿಟ್ಟ. ಮೇಲಕ್ಕೆ ತೇಲದ, ಕೆಳಕ್ಕೆ ಮುಳುಗದ ಎಣ್ಣೆ ತೂಕ ಮರೆತು ಗುಂಡಗಾಯಿತು. ಕಣ್ಣು ಪೂರ್ತಿ ಹೋದ ಮೇಲೂ ಆತ, ಮನೆಯವರು ಮತ್ತು ಸಹಾಯಕರು ನೋಡಿ ಹೇಳಿದ್ದನ್ನು ಕೇಳುತ್ತ, ದ್ರವಗಳ ಆಕಾರದ ಮೇಲಿನ ತನ್ನ ದೊಡ್ಡ ಪುಸ್ತಕವನ್ನು 1873ರಲ್ಲಿ ಹೊರತಂದ.

ನಿಲ್ದಾಣದಲ್ಲಿ ಉಳಿದಿರುವ ತೂಕ ನಮ್ಮಲ್ಲಿಯದರ ಸುಮಾರು ಹತ್ತು ಲಕ್ಷದ ಒಂದು ಪಾಲು. ಗಡಿ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುವುದರಿಂದ ಅದು ಸಾವಿರ ಪಟ್ಟು ಹಿಗ್ಗುತ್ತದೆ. 2.7 ಮಿಲಿಮೀಟರ್ ಹೋಗಿ 2.7 ಮೀಟರ್! ಕೆಸುವಿನ ಎಲೆಯ ಹನಿಗಿದ್ದ ನಿಯಮ ಈಗ ಕೋಣೆಯಷ್ಟು ದೊಡ್ಡ ನೀರಿಗೂ ಅನ್ವಯ. ಶುಕ್ಲಾ ಅವರ ಉಂಡೆ ಚದುರದೆ ನಿಂತದ್ದು ಇದರಿಂದ. 2013ರಲ್ಲಿ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಅಲ್ಲಿ ಒದ್ದೆ ಬಟ್ಟೆಯನ್ನು ಹಿಂಡಿದಾಗ ನೀರು ತೊಟ್ಟಿಕ್ಕಲಿಲ್ಲ. ಬಟ್ಟೆಯ ಸುತ್ತ ಕೊಳವೆಯಂತೆ ನಿಂತು, ಕೈಗಳಿಗೂ ಹಬ್ಬಿಕೊಂಡಿತು. ಪ್ರಯೋಗ ಸೂಚಿಸಿದ್ದವರು ಆ ದೇಶದ ಇಬ್ಬರು ಶಾಲಾ ವಿದ್ಯಾರ್ಥಿನಿಯರು.

ಹಬ್ಬಿಕೊಳ್ಳುವ ಈ ಗುಣ ಅದೇ ವರ್ಷ ಒಬ್ಬನ ಪ್ರಾಣಕ್ಕೇ ಎರವಾಗುವುದರಲ್ಲಿತ್ತು. ಜುಲೈ 16ರಂದು ಇಟಲಿಯ ಲೂಕಾ ಪರ್ಮಿಟಾನೊ ನಿಲ್ದಾಣದ ಹೊರಗೆ ಕೆಲಸಕ್ಕಿಳಿದಿದ್ದಾಗ ತಲೆಯ ಹಿಂಭಾಗ ತಣ್ಣಗಾಯಿತು. ಮೈ ತಂಪಾಗಿಡಲು ದಿರಿಸಿನಲ್ಲಿ ಹರಿಯುವ ನೀರು, ಗಾಳಿಯಿಂದ ನೀರನ್ನು ಬೇರ್ಪಡಿಸುವ ಯಂತ್ರದ ಸಣ್ಣ ರಂಧ್ರಗಳು ಕಟ್ಟಿಕೊಂಡದ್ದರಿಂದ, ಗಾಳಿಯ ದಾರಿ ಹಿಡಿದು ಹೆಲ್ಮೆಟ್ಟಿನೊಳಕ್ಕೆ ಬರುತ್ತಿತ್ತು. ಭೂಮಿಯ ಮೇಲಾಗಿದ್ದರೆ ಕುತ್ತಿಗೆಯಿಂದ ಇಳಿದು ಬೂಟು ಒದ್ದೆ ಮಾಡಿ ಸುಮ್ಮನಾಗುತ್ತಿದ್ದ ನೀರು ಅದು. ಅಲ್ಲಿ ಇಳಿಯುವುದೆಂದರೇನು? ಅದು ತಲೆಗೇ ಅಂಟಿತು. ಕಿವಿ ಮುಚ್ಚಿತು, ಕಣ್ಣಿಗೆ ಹಬ್ಬಿತು, ಬಾಗಿಲ ಕಡೆ ಹೊರಳುವಾಗ ಮೂಗನ್ನೂ ಆವರಿಸಿತು. ಹೆಲ್ಮೆಟ್ ಹಾಕಿರುವಾಗ ಒರೆಸಲು ಕೈ ಹೋಗುವುದಿಲ್ಲ, ತಲೆ ಕೊಡವಿದರೆ ನೀರು ಬಿಡುವುದಿಲ್ಲ. ಅಷ್ಟರಲ್ಲಿ ಸೂರ್ಯನೂ ಮುಳುಗಿದ. ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವುದರಿಂದ ಅಲ್ಲಿ ಕತ್ತಲೆಗೂ ಅವಸರ. ಕಣ್ಣು ಕಾಣದೆ, ರೇಡಿಯೊ ಸರಿಯಾಗಿ ಕೇಳಿಸದೆ, ತನ್ನನ್ನು ಹಿಡಿದಿದ್ದ ಸುರಕ್ಷತಾ ತಂತಿಯ ಎಳೆತವನ್ನೇ ನಂಬಿ ಪರ್ಮಿಟಾನೊ ಬಾಗಿಲು ಮುಟ್ಟಿದರು. ಜೊತೆಗಾರ ಕ್ರಿಸ್ ಕ್ಯಾಸಿಡಿ ಕೈ ಅಮುಕಿ ‘ಸರಿ ಇದ್ದೀಯಾ’ ಎಂದು ವಿಚಾರಿಸಿಕೊಳ್ಳಬೇಕಾಯಿತು. ಹೆಲ್ಮೆಟ್ಟಿನಲ್ಲಿ ಲೀಟರಿಗೂ ಹೆಚ್ಚು ನೀರಿತ್ತು. ಬಾಹ್ಯಾಕಾಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವುದು! ಆಮೇಲೆ ನಾಸಾದವರು ಹೆಲ್ಮೆಟ್ಟಿನ ಹಿಂಭಾಗಕ್ಕೆ ನೀರು ಹೀರುವ ದಿಂಬನ್ನೂ, ಮುಖ ಮುಚ್ಚಿದರೆ ದಿರಿಸಿನ ಕೆಳಭಾಗದ ಗಾಳಿಯನ್ನು ಎಳೆದುಕೊಳ್ಳಲು ಒಂದು ಸಾದಾ ಕೊಳವೆಯನ್ನೂ ಸೇರಿಸಿದರು. ಕೋಟಿಗಟ್ಟಲೆ ಬೆಲೆಯ ದಿರಿಸಿಗೆ ಬಂದ ಪರಿಹಾರ ಎಷ್ಟು ಸರಳ ನೋಡಿ.

ಅಂಟುವ ನೀರನ್ನೇ ಕೆಲಸಕ್ಕೆ ಹಚ್ಚಿದವರು ಅಮೆರಿಕದ ಡಾನ್ ಪೆಟಿಟ್. ಸ್ಟ್ರಾ ಹಚ್ಚಿದ ಚೀಲದಿಂದ ಕಾಫಿ ಹೀರಿ ಹೀರಿ ಅವರಿಗೆ ಬೇಸರ ಬಂದಿತ್ತು. 2008ರಲ್ಲಿ ಯಾನದ ಕೈಪಿಡಿಯೊಂದರ ಪ್ಲಾಸ್ಟಿಕ್ ಹಾಳೆ ಕಿತ್ತು, ಒಂದು ಬದಿ ಚೂಪಾಗುವಂತೆ ಮಡಚಿ ಅಂಟಿಸಿ ಲೋಟ ಮಾಡಿಕೊಂಡರು. ಕಿರಿದಾದ ಮೂಲೆಯಲ್ಲಿ ದ್ರವ ತಾನಾಗಿ ಏರುತ್ತದೆ. ತುಟಿ ಇಟ್ಟು ಹೀರಿದಷ್ಟೂ ಕಾಫಿ ಮೂಲೆಗುಂಟ ಬರುತ್ತದೆ, ಪರಿಮಳವೂ ಮೂಗಿಗೆ ಸಿಗುತ್ತದೆ. ಮುಂದೆ ಇದೇ ತತ್ವದ ಮೇಲೆ, ಗಣಿತದ ಪ್ರಕಾರ ತಿದ್ದಿ ರೂಪಿಸಿದ ಲೋಟಗಳು ನಿಲ್ದಾಣಕ್ಕೆ ಹೋದವು. ಉಪಗ್ರಹಗಳ ಇಂಧನ ತೊಟ್ಟಿಯಲ್ಲೂ ಇದೇ ತಂತ್ರ. ತೂಕವಿಲ್ಲದ ಇಂಧನ ತೊಟ್ಟಿಯಲ್ಲಿ ಎಲ್ಲೆಂದರಲ್ಲಿ ಅಂಟಿ ಕೂತರೆ ಎಂಜಿನ್ನಿಗೆ ಹೋಗುವುದು ಬರೀ ಅನಿಲ. ಹಾಗಾಗದಂತೆ ತೆಳು ಲೋಹದ ಪಟ್ಟಿಗಳನ್ನು ಒಳಗೆ ಜೋಡಿಸಿ ಇಂಧನವನ್ನು ಕೊಳವೆಯ ಬಾಯಿಗೆ ಕರೆತರುತ್ತಾರೆ. ದೊಡ್ಡ ರಾಕೆಟ್‌ಗಳಲ್ಲಿ ಅಷ್ಟು ನಾಜೂಕು ಸಾಲದು. ಅಪೋಲೊ ಯಾತ್ರಿಗಳನ್ನು ಹೊತ್ತ ಸ್ಯಾಟರ್ನ್ ರಾಕೆಟ್ಟಿನ ಮೂರನೆಯ ಹಂತವನ್ನು ಮತ್ತೆ ಹೊತ್ತಿಸುವ ಮುನ್ನ ಪುಟ್ಟ ಎಂಜಿನ್‌ಗಳಿಂದ ಅದನ್ನು ಮುಂದಕ್ಕೆ ತಳ್ಳಿ, ಇಂಧನವನ್ನು ತಳಕ್ಕೆ ಕೂರಿಸುತ್ತಿದ್ದರು.

ಶುಕ್ಲಾ ಜೊತೆಗೆ ಧಾರವಾಡದ ಮೊಳಕೆಕಾಳಿನ ಪ್ರಯೋಗವೂ ಹೋಗಿತ್ತು: ಹೆಸರುಕಾಳು ಮತ್ತು ಮೆಂತ್ಯ, ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಜಂಟಿ ಕೆಲಸ. ಬಾಹ್ಯಾಕಾಶದಲ್ಲಿ ಗಿಡ ಬೆಳೆಸಹೊರಟ ಎಲ್ಲರಿಗೂ ತಲೆನೋವಾಗಿರುವುದು ನೀರೇ. ಇಲ್ಲಿ ಪಾತಿಗೆ ಹೆಚ್ಚು ನೀರು ಬಿದ್ದರೆ ಬಸಿದು ಕೆಳಗಿಳಿಯುತ್ತದೆ, ಮಣ್ಣಿನ ಸಂದಿಗೆ ಗಾಳಿ ಬರುತ್ತದೆ. ಅಲ್ಲಿ ಬಸಿಯುವುದೆಂಬುದೇ ಇಲ್ಲ. ಒಂದಿಷ್ಟು ಹೆಚ್ಚಾದರೂ ನೀರು ಬೇರಿನ ಸುತ್ತ ಪರೆಯಂತೆ ಅಂಟಿ ಆಮ್ಲಜನಕವನ್ನು ತಡೆಯುತ್ತದೆ. ಕಡಿಮೆಯಾದರೆ ಪಕ್ಕದ ಬೇರಿಗೆ ಹನಿಯೂ ತಲುಪುವುದಿಲ್ಲ. ಆದ್ದರಿಂದ ಅಲ್ಲಿನ ಕೈತೋಟಗಳಲ್ಲಿ ನೀರು ಹಾಯಿಸುವ ಹೊಣೆ ಹೀರುವ ಬತ್ತಿಗಳಿಗೂ ಸಣ್ಣ ರಂಧ್ರಗಳ ಹರಳುಮಣ್ಣಿಗೂ ಸೇರಿದೆ.