ಇಡ್ಲಿ ಹಿಟ್ಟು ಮತ್ತು 20,000 ಲೀಟರ್ ಟ್ಯಾಂಕ್

ಇಲ್ಲಿ ರಾಲಿಯಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ಹೈಸ್ಕೂಲ್ ಹುಡುಗನೊಬ್ಬ ಹಿಂದೆ ಉಳಿದ. "ಆಂಟಿ, ಮನೇಲಿ ಡಾಕ್ಟರ್ ಆಗು ಅಂತಾರೆ. ನನಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ಮೆಷಿನ್ ಬಿಚ್ಚೋದು ಇಷ್ಟ. ಬಯಾಲಜಿ ಬಿಟ್ಟುಬಿಡ್ಲಾ?" ಅಂದ. ಕನ್ನಡ ಎಂ.ಎ. ಮಾಡಿದವಳನ್ನು ಕೇಳುವ ಪ್ರಶ್ನೆಯೇ ಇದು! ಆದರೂ ಬಿಡಬೇಡ ಅಂದೆ. ಯಾಕೆ ಅನ್ನುವುದೇ ಇವತ್ತಿನ ಮಾತು.

ಚಳಿಗಾಲದಲ್ಲಿ ಅಮ್ಮ ಇಡ್ಲಿ ಹಿಟ್ಟನ್ನು ಓವನ್ನಿನಲ್ಲಿಟ್ಟು ಲೈಟ್ ಹಾಕುವುದನ್ನು ನೋಡಿದ್ದೀರಲ್ಲ? ಒಳಗಿರುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗಿದ್ದರೇ ಹಿಟ್ಟು ಉಬ್ಬುವುದು. ಎಷ್ಟೋ ಔಷಧಿಗಳ ಕಾರ್ಖಾನೆಯಲ್ಲೂ ಮೂಲ ಕೆಲಸ ಇದೇ. 1978ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಬ್ಯಾಕ್ಟೀರಿಯಾದೊಳಗೆ ಜೀನ್ ಸೇರಿಸಿ ಅದರಿಂದ ಮನುಷ್ಯರ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದಕ್ಕೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಇನ್ಸುಲಿನ್ ಬರುತ್ತಿದ್ದುದು ಹಂದಿ, ದನಗಳಿಂದ.

ಜೀನ್ ಸೇರಿಸುವುದು ಸಂಶೋಧಕರ ಕೆಲಸ. ಬಾಟಲಿಯಲ್ಲಿ ಆದದ್ದನ್ನು ದೊಡ್ಡ ಟ್ಯಾಂಕಿನಲ್ಲಿ ಮಾಡುವುದು ಎಂಜಿನಿಯರುಗಳದು. ಟ್ಯಾಂಕಿನ ಎತ್ತರ, ಅಗಲ ಎಲ್ಲ ಎರಡರಷ್ಟಾದರೆ ಒಳಗಿನ ದ್ರವ 8 ಪಟ್ಟು, ಹೊರಮೈ 4 ಪಟ್ಟು ಮಾತ್ರ. ಹಾಗಾದರೆ ಒಳಗಿನ ಶಾಖ ಹೊರಗೆ ಹೋಗುವುದು ಹೇಗೆ? ಆಕ್ಸಿಜನ್ ಎಲ್ಲ ಕಡೆ ತಲುಪಲು ಕಲಕುತ್ತಲೇ ಇರಬೇಕು. ಪ್ರಾಣಿಕೋಶಗಳಿಗೆ ಗಟ್ಟಿ ಗೋಡೆ ಇಲ್ಲ. ಜೋರಾಗಿ ಕಲಕಿದರೆ ಒಡೆಯುತ್ತವೆ, ತೀರಾ ಮೆಲ್ಲಗಾದರೆ ಉಸಿರುಕಟ್ಟಿ ಸಾಯುತ್ತವೆ. ನಮ್ಮ ಪಕ್ಕದ ಹಾಲಿ ಸ್ಪ್ರಿಂಗ್ಸಿನಲ್ಲಿ ಫ್ಯೂಜಿಫಿಲ್ಮ್ (ಹೌದು, ಕ್ಯಾಮೆರಾ ರೀಲಿನವರೇ) ಕಟ್ಟಿರುವ ಕಾರ್ಖಾನೆಯಲ್ಲಿ ದೊಡ್ಡ ಟ್ಯಾಂಕುಗಳು ಒಂದೊಂದೂ 20,000 ಲೀಟರಿನವು. ಅಷ್ಟೂ ಕೆಟ್ಟರೆ ಚರಂಡಿಗೆ; ಆ ಔಷಧಿಗೆ ಕಾದಿರುವವರ ಗತಿ?

ಬೆಂಗಳೂರಿನಲ್ಲಿ 1978ರಲ್ಲಿ ಬಯೋಕಾನ್ ಶುರು ಮಾಡಿದ ಕಿರಣ್ ಮಜುಂದಾರ್-ಶಾ ಆಸ್ಟ್ರೇಲಿಯಾದಲ್ಲಿ ಕಲಿತದ್ದು ಬಿಯರ್ ತಯಾರಿಸುವ ವಿದ್ಯೆ. ಅದೂ ಹುದುಗಿಸುವ ಕೆಲಸವೇ ತಾನೆ?

ಇನ್ನು ಕ್ಲೀನ್ ರೂಮ್. ಕೂದಲು, ಗಡ್ಡ ಮುಚ್ಚಿ, ಬೇರೆಯೇ ಉಡುಪು ತೊಟ್ಟು ಒಳಗೆ ಹೋಗಬೇಕು, ಮಾಡಿದ್ದೆಲ್ಲ ಬರೆದಿಡಬೇಕು. ನಮ್ಮಜ್ಜಿಯ ಮಡಿಯೇ, ಪುಣ್ಯಕ್ಕೆ ಇಲ್ಲಿ ಜಾತಿ ಕೇಳುವುದಿಲ್ಲ. ಪ್ರತಿ ಸಲ ತೊಳೆದ ಮೇಲೂ ಟ್ಯಾಂಕ್ ಶುದ್ಧವಾಗಿದೆ ಎಂದು ಸಾಬೀತು ಮಾಡುವುದಕ್ಕೇ ವ್ಯಾಲಿಡೇಷನ್ ಎಂಜಿನಿಯರುಗಳಿದ್ದಾರೆ. ಸೆನ್ಸರ್, ಕಂಪ್ಯೂಟರ್ ನೋಡಿಕೊಳ್ಳುವವರು ಬೇರೆ.

ಸಂಶೋಧನಾ ತಂಡ ನಡೆಸುವ ಆಸೆಯಿದ್ದರೆ ಸಾಮಾನ್ಯವಾಗಿ ಪಿಎಚ್.ಡಿ. ಬೇಕು, ಐದಾರು ವರ್ಷ. ವಿಜ್ಞಾನದಲ್ಲಿ ಹೆಚ್ಚಿನ ಕಡೆ ಫೀಸ್ ಇರುವುದಿಲ್ಲ, ಸ್ಟೈಪೆಂಡ್ ಕೊಡುತ್ತಾರೆ. ಕಾರ್ಖಾನೆಯ ಎಂಜಿನಿಯರಿಂಗ್‌ಗೆ ಕೆಮಿಕಲ್, ಮೆಕ್ಯಾನಿಕಲ್, ಬಯೋಮೆಡಿಕಲ್ ಯಾವುದಾದರೂ ನಾಲ್ಕು ವರ್ಷದ ಡಿಗ್ರಿ ಸಾಕು. ಇಲ್ಲಿನ ಎನ್.ಸಿ. ಸ್ಟೇಟ್‌ನಲ್ಲಿ ಬಿಟೆಕ್ ಎಂಬ ತರಬೇತಿ ಕೇಂದ್ರ 2007ರಿಂದಲೂ ಇದೆ. ವಿದ್ಯಾರ್ಥಿಗಳು ಕಾರ್ಖಾನೆಯಂಥ ಯಂತ್ರಗಳ ಮೇಲೆಯೇ ಕಲಿಯುತ್ತಾರೆ. ಕಾಲೇಜು ಸೇರಿದ ಮೇಲೆ ಎನ್‌ಎಸ್‌ಎಫ್‌ನವರ ಆರ್‌ಇಯು ಬೇಸಿಗೆ ಸಂಶೋಧನೆಗೆ ಅರ್ಜಿ ಹಾಕಿ. ಅದರ ಸ್ಟೈಪೆಂಡ್ ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಊರಿಂದ ಓದಲು ಬಂದ ನಿಮ್ಮ ಕಸಿನ್‌ಗೆ ಸಿಗದು.

ಕಷ್ಟವೂ ಇದೆ. ಒಂದು ಔಷಧಿ ಪರೀಕ್ಷೆಯಲ್ಲಿ ಸೋತರೆ ಚಿಕ್ಕ ಕಂಪನಿ ಮುಚ್ಚಿಯೇ ಹೋಗಬಹುದು. ಟ್ಯಾಂಕಿಗೆ ರಜೆ ಇಲ್ಲ. ರಾತ್ರಿ ಪಾಳಿಯೂ ಬರುತ್ತದೆ.

ಮರುದಿನ ಹುಡುಗನ ಅಮ್ಮ ಫೋನ್ ಮಾಡಿದರು. "ಏನ್ರೀ, ಡಾಕ್ಟರ್ ಆಗ್ಬೇಡ ಅಂದ್ರಂತೆ?" "ಹಾಗಂದಿಲ್ಲ, ಬಯಾಲಜಿ ಬಿಡಬೇಡ ಅಂದೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಫಿಸಿಕ್ಸೂ ತಗೋಬೇಕಾ ಹಾಗಾದ್ರೆ?" ಅಂತ ಕೇಳಿದರು. ಬೇಕು ಅಂದೆ.