ಎದೆ ಬಡಿತ ಏರುಪೇರಾದಾಗ ಜೋರಾಗಿ ಕೆಮ್ಮಿದರೆ ಜೀವ ಉಳಿಯುತ್ತದೆಯೇ?

ಒಬ್ಬರೇ ಇದ್ದಾಗ ಎದೆನೋವು ಬಂದರೆ, ಬಡಿತ ತಪ್ಪಿದಂತೆ ಅನಿಸಿದರೆ ಉಸಿರೆಳೆದುಕೊಂಡು ಜೋರಾಗಿ ಕೆಮ್ಮುತ್ತಿರಿ, ಹೃದಯ ಸರಿಹೋಗುತ್ತದೆ. ಈ ಅರ್ಥದ ವಾಟ್ಸ್‌ಆ್ಯಪ್ ಸಂದೇಶ ವರ್ಷಗಳಿಂದ ಹರಿದಾಡುತ್ತಿದೆ. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಎರಡು ಬೇರೆ ತೊಂದರೆಗಳು

ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಬಡಿತದ ತೊಂದರೆ ಹೃದಯದ ವಿದ್ಯುತ್ ವ್ಯವಸ್ಥೆಗೆ ಸಂಬಂಧಿಸಿದ್ದು. ಹೃದಯದ ಬಲ ಮೇಲ್ಕೋಣೆಯಲ್ಲಿರುವ ಪುಟ್ಟ ಗಂಟೊಂದು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 60ರಿಂದ 100 ಬಾರಿ ಸಂಕೇತ ಕಳಿಸುತ್ತದೆ. ಈ ಸಂಕೇತ ಹುಟ್ಟುವಲ್ಲಿ ಅಥವಾ ಸಾಗುವಲ್ಲಿ ಎಡವಟ್ಟಾದರೆ ಬಡಿತ ವಿಪರೀತ ವೇಗವಾಗಬಹುದು, ನಿಧಾನವಾಗಬಹುದು ಅಥವಾ ಲಯ ತಪ್ಪಬಹುದು. ಕೆಮ್ಮು ಕಟ್ಟಿದ ನಾಳವನ್ನು ತೆರೆಯುವುದಿಲ್ಲ. ಹಾಗಾಗಿ ಹೃದಯಾಘಾತದಲ್ಲಿ ಕೆಮ್ಮುತ್ತಾ ಕೂತರೆ ಆಸ್ಪತ್ರೆ ತಲುಪುವುದು ತಡವಾಗುತ್ತದೆ, ಅಷ್ಟೇ.

ಈ ಸಲಹೆ ಹುಟ್ಟಿದ್ದೆಲ್ಲಿ?

1976ರಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದರು. ಆಂಜಿಯೋಗ್ರಾಂ ನಡೆಯುತ್ತಿದ್ದಾಗ ಮೂವರು ರೋಗಿಗಳ ಹೃದಯ ಏಕಾಏಕಿ ಅದುರತೊಡಗಿತು. ಪದೇಪದೇ ಕೆಮ್ಮಿದ್ದರಿಂದ ಅವರು 24ರಿಂದ 39 ಸೆಕೆಂಡು ಎಚ್ಚರವಾಗಿದ್ದರು. ಆದರೆ ಅಲ್ಲಿ ಮಾನಿಟರ್ ಇತ್ತು, ವೈದ್ಯರಿದ್ದರು, ವಿದ್ಯುತ್ ಶಾಕ್ ಕೊಡುವ ಯಂತ್ರ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಇವು ಯಾವುವೂ ಇರುವುದಿಲ್ಲ. ಹೃದಯ ಸ್ತಂಭನವಾದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುವುದರಿಂದ ಕೆಮ್ಮಲು ಪುರುಸೊತ್ತೂ ಸಿಗುವುದಿಲ್ಲ. ಹೀಗಾಗಿಯೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಜನಸಾಮಾನ್ಯರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ.

ಸಂದೇಶಕ್ಕೆ ಹತ್ತಿರವಾದ ಒಂದು ನಿಜವಿದೆ. ಎಸ್‌ವಿಟಿ ಎಂಬ ವೇಗದ ಬಡಿತದಲ್ಲಿ ಮೂಗು, ಬಾಯಿ ಮುಚ್ಚಿ ಮುಕ್ಕರಿಯುವುದರಿಂದ ಕೆಲವೊಮ್ಮೆ ಲಯ ಮರಳುತ್ತದೆ. ಮುಕ್ಕರಿದ ಕೂಡಲೇ ರೋಗಿಯನ್ನು ಮಲಗಿಸಿ ಕಾಲು ಮೇಲೆತ್ತಿದಾಗ 43% ಮಂದಿಗೆ ಲಯ ಮರಳಿತು. ಬರೀ ಮುಕ್ಕರಿದವರಲ್ಲಿ ಇದು 17% ಮಾತ್ರ ಎಂದು 2015ರಲ್ಲಿ ಪ್ರಕಟವಾದ ಬ್ರಿಟನ್ ಅಧ್ಯಯನ ಹೇಳಿದೆ. ಆದರೆ ಆ ಎಲ್ಲರಿಗೂ ಮೊದಲು ಇಸಿಜಿ ಮಾಡಿ ಎಸ್‌ವಿಟಿ ಎಂದು ಗುರುತಿಸಲಾಗಿತ್ತು.

'ಇಸಿಜಿ ನಾರ್ಮಲ್' ಅಂದರೆ ನಿಶ್ಚಿಂತೆಯೇ?

ಯಾವಾಗಲೂ ಅಲ್ಲ. ಮಾಮೂಲಿ ಇಸಿಜಿ ಸುಮಾರು 10 ಸೆಕೆಂಡಿನ ಬಡಿತವನ್ನಷ್ಟೇ ದಾಖಲಿಸುತ್ತದೆ. ಬಂದು ಹೋಗುವ ತೊಂದರೆ ಆ ಹೊತ್ತಿಗೆ ಕಾಣಿಸದೇ ಇರಬಹುದು. ಆಗ 24ರಿಂದ 48 ಗಂಟೆ ಮೈಮೇಲೆ ಧರಿಸುವ ಹೋಲ್ಟರ್ ಯಂತ್ರವನ್ನೋ, ಇನ್ನೂ ಹೆಚ್ಚು ದಿನ ದಾಖಲಿಸುವ ಸಾಧನವನ್ನೋ ವೈದ್ಯರು ಸೂಚಿಸುತ್ತಾರೆ. ಹೃದಯದ ರಚನೆ ನೋಡಲು ಎಕೋ, ಥೈರಾಯ್ಡ್ ಮತ್ತು ಪೊಟ್ಯಾಸಿಯಂ ತಿಳಿಯಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಸ್ಮಾರ್ಟ್‌ವಾಚ್ ಸುಳಿವು ಕೊಡಬಹುದು, ರೋಗ ಖಚಿತಪಡಿಸುವುದು ವೈದ್ಯರು. ತೊಂದರೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು ಎಂದು ಬರೆದಿಟ್ಟುಕೊಂಡರೆ ಅವರಿಗೆ ಅನುಕೂಲ.

ಚಿಕಿತ್ಸೆ ಏನು?

ಎಲ್ಲರಿಗೂ ಒಂದೇ ಚಿಕಿತ್ಸೆ ಇಲ್ಲ. ಆಗೊಮ್ಮೆ ಈಗೊಮ್ಮೆ ಬಡಿತ ತಪ್ಪಿದಂತೆ ಅನಿಸುವುದು ಬಹುತೇಕ ಅಪಾಯಕಾರಿಯಲ್ಲ. ವೇಗದ ಬಡಿತಕ್ಕೆ ಮಾತ್ರೆಗಳಿವೆ. ತೊಂದರೆ ಹುಟ್ಟಿಸುವ ಜಾಗವನ್ನು ರಕ್ತನಾಳದ ಮೂಲಕ ತಲುಪಿ ಸುಡುವ ಅಬ್ಲೇಷನ್ ವಿಧಾನವೂ ಇದೆ. ಬಡಿತ ತೀರಾ ನಿಧಾನವಾದರೆ ಪೇಸ್‌ಮೇಕರ್. ಪ್ರಾಣಕ್ಕೆ ಕುತ್ತು ತರುವ ಲಯದ ಅಪಾಯವಿದ್ದವರಿಗೆ, ಬೇಕಾದಾಗ ತಾನೇ ಶಾಕ್ ಕೊಡುವ ಐಸಿಡಿ ಅಳವಡಿಸುತ್ತಾರೆ.

ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ ವಿಶೇಷ ಎಚ್ಚರ ಬೇಕು. ಇದರಲ್ಲಿ ಮೇಲ್ಕೋಣೆಗಳು ಸರಿಯಾಗಿ ಕುಗ್ಗದೆ ಅದುರುವುದರಿಂದ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅದರ ಅಪಾಯ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಅದಕ್ಕೇ ಅನೇಕರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಡುತ್ತಾರೆ. 'ಈಗ ಆರಾಮಿದ್ದೇನೆ' ಎಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ನೀವು ಮಾಡಬೇಕಾದದ್ದು

ಬಡಿತದ ಏರುಪೇರಿನ ಜೊತೆ ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತು ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಎದುರಿಗಿದ್ದವರು ಕುಸಿದು, ಪ್ರತಿಕ್ರಿಯಿಸದೆ, ಸರಿಯಾಗಿ ಉಸಿರಾಡದಿದ್ದರೆ ಆಂಬುಲೆನ್ಸ್‌ಗೆ ಹೇಳಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಸಹಾಯ ಬರುವವರೆಗೂ ನಿಲ್ಲಿಸಬೇಡಿ.

ಒಟ್ಟಿನಲ್ಲಿ, ಕೆಮ್ಮಿನ ಸಂದೇಶ ದಾರಿ ತಪ್ಪಿಸುವಂಥದ್ದು. ಮುಂದೆ ಯಾರಾದರೂ ಕಳಿಸಿದರೆ ಅದನ್ನು ಫಾರ್ವರ್ಡ್ ಮಾಡಬೇಡಿ. ಬದಲಿಗೆ ಮನೆಯವರೆಲ್ಲರ ಫೋನಿನಲ್ಲಿ 108 ಸೇವ್ ಮಾಡಿಕೊಡಿ.