ಶೀತಭೂಮಿಯ ಒಂದು ಬ್ಯಾಕ್ಟೀರಿಯ ಮತ್ತು ಅದರ ನಾಮಧೇಯ

ಅಂಟಾರ್ಕ್ಟಿಕ ಖಂಡದ ಪೂರ್ವಭಾಗದಲ್ಲಿ ಷಿರ್ಮಾಕರ್ ಎಂಬ ಹಿಮರಹಿತವಾದ ಶಿಲಾಪ್ರದೇಶವೊಂದುಂಟು. ಭಾರತದ ‘ಮೈತ್ರಿ’ ಸಂಶೋಧನಾ ನಿಲಯವು 1989ರಲ್ಲಿ ಸಿದ್ಧವಾದುದು ಅಲ್ಲಿಯೇ. ಈ ಪ್ರದೇಶದ ಮಣ್ಣಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದನ್ನು ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಎಸ್. ಶಿವಾಜಿ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ಸ್ಫಿಂಗೋಬ್ಯಾಕ್ಟೀರಿಯಮ್ ಅಂಟಾರ್ಕ್ಟಿಕಸ್ ಎಂದು ಹೆಸರಿಟ್ಟರು. 2014ರಲ್ಲಿ ಅದನ್ನು ಬೇರೊಂದು ಕುಲಕ್ಕೆ ಸೇರಿಸಲಾಯಿತು. ಜೀವಿಯು ಬದಲಾಗದೆ ಅದರ ಕುಲ ಬದಲಾದುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಶೀತಭೂಮಿಯ ಮಣ್ಣನ್ನು ಪರೀಕ್ಷಿಸುವವರು ರೋಗಾಣುಗಳಿಗೆಂದು 37 ಡಿಗ್ರಿಯಲ್ಲಿಟ್ಟ ಶಾಖಪೆಟ್ಟಿಗೆಯನ್ನು ನಂಬುವಂತಿಲ್ಲ. ಆ ಶಾಖದಲ್ಲಿ ಇಂತಹ ಜೀವಿಗಳಲ್ಲಿ ಬಹುಪಾಲು ಬೆಳೆಯುವುದೇ ಇಲ್ಲ. ಅಗಾರ್ ತಟ್ಟೆಗಳನ್ನು ತಂಪಿನಲ್ಲಿರಿಸಿ ವಾರಗಟ್ಟಲೆ ಕಾಯಬೇಕು. ಅತ್ಯನುಕೂಲ ಉಷ್ಣತೆ 15 ಡಿಗ್ರಿಗೂ ಗರಿಷ್ಠ ಮಿತಿ 20 ಡಿಗ್ರಿಗೂ ಮೀರದೆ, ಸೊನ್ನೆಯಲ್ಲಿಯೂ ಬೆಳೆಯಬಲ್ಲವು ಶೈತ್ಯಪ್ರಿಯಗಳೆಂದು 1975ರಲ್ಲಿ ಮೊರಿಟ ಎಂಬ ವಿಜ್ಞಾನಿ ಗೊತ್ತುಪಡಿಸಿದರು. ತಂಪಿನಲ್ಲಿ ಬೆಳೆದರೂ ಹೆಚ್ಚಿನ ಶಾಖವನ್ನು ಬಯಸುವವು ಶೈತ್ಯಸಹಿಷ್ಣುಗಳು. ನಮ್ಮ ಜೀವಿಯು ಈ ಎರಡನೆಯ ಗುಂಪಿನದು. ಚಳಿಗೆ ತುಪ್ಪ ಹೆಪ್ಪುಗಟ್ಟುತ್ತದೆ, ಎಳ್ಳೆಣ್ಣೆ ಹರಿಯುತ್ತಲೇ ಇರುತ್ತದೆ. ಶೀತದಲ್ಲಿ ಬಾಳುವ ಬ್ಯಾಕ್ಟೀರಿಯಗಳೂ ತಮ್ಮ ಕೋಶದ ಪೊರೆಯಲ್ಲಿ ಎಣ್ಣೆಯ ಬಗೆಯ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಹೆಚ್ಚಿಸಿಕೊಂಡು ಪೊರೆಯು ಬಿಗಿಯದಂತೆ ನೋಡಿಕೊಳ್ಳುತ್ತವೆ.

ಪ್ರಭೇದವನ್ನು ನಿರ್ಣಯಿಸಲು ಆಕಾರವೊಂದೇ ಸಾಲದು. ಕಡ್ಡಿಯಂತಿರುವ ಬ್ಯಾಕ್ಟೀರಿಯಗಳು ಅಸಂಖ್ಯಾತ. ಗ್ರಾಂ ವರ್ಣಪರೀಕ್ಷೆ, ಬಳಸುವ ಸಕ್ಕರೆಗಳು, ಪೊರೆಯ ಕೊಬ್ಬು ಇವೆಲ್ಲವನ್ನೂ ನೋಡಬೇಕು. ಇವುಗಳೊಡನೆ, ಸುಮಾರು 1,500 ಅಕ್ಷರಗಳ 16ಎಸ್ ಆರ್.ಎನ್.ಎ. ಜೀನನ್ನು ಬಲ್ಲ ಪ್ರಭೇದಗಳ ಜೀನಿನೊಡನೆ ಹೋಲಿಸುತ್ತಾರೆ. ಹೋಲಿಕೆ ಶೇಕಡ 98.7ಕ್ಕಿಂತ ಕಡಮೆಯಾದರೆ ಹೊಸ ಪ್ರಭೇದವೆಂದು ಭಾವಿಸಲು ಆಧಾರವುಂಟು. ಹೆಚ್ಚಾದರೆ ಇಡೀ ಡಿ.ಎನ್.ಎ.ಯನ್ನೇ ಹೋಲಿಸಬೇಕು. ಅದಕ್ಕೆ 1987ರಲ್ಲಿ ಗೊತ್ತುಮಾಡಿದ ಗೆರೆ, ಸಂಕರಣದಲ್ಲಿ ಶೇಕಡ 70. ಪೂರ್ಣ ಜೀನೋಮುಗಳ ಸರಾಸರಿ ಹೋಲಿಕೆಯಲ್ಲಾದರೆ ಶೇಕಡ 95ರಿಂದ 96. ಇವು ವಿದ್ವಾಂಸರು ಒಪ್ಪಿ ಎಳೆದ ಗೆರೆಗಳೇ ಹೊರತು ಪ್ರಕೃತಿ ಹಾಕಿದ ಬೇಲಿಯಲ್ಲವೆಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಪೆಡೋಬ್ಯಾಕ್ಟರ್, ಎಂದರೆ ‘ಮಣ್ಣಿನ ಕಡ್ಡಿ’, ಎಂಬ ಕುಲವು ಸ್ಥಾಪಿತವಾದುದು 1998ರಲ್ಲಿ. ಆದುದರಿಂದ 1992ರ ಸಂಶೋಧಕರಿಗೆ ಆ ಮನೆಯೇ ಇರಲಿಲ್ಲ. ಅಂದಿನ ಕುಲಗಳಲ್ಲಿ ಹತ್ತಿರವಾದುದಕ್ಕೆ ಅವರು ಸೇರಿಸಿದರು. 2014ರಲ್ಲಿ ಅದು ಪೆಡೋಬ್ಯಾಕ್ಟರ್ ಅಂಟಾರ್ಕ್ಟಿಕಸ್ ಆಯಿತು. ವೈಯಾಕರಣರಿಗೂ ಇಲ್ಲಿ ಕೆಲಸ ದೊರೆಯಿತು: ಬ್ಯಾಕ್ಟೀರಿಯಮ್ ಎಂಬುದು ನಪುಂಸಕಲಿಂಗವಾದುದರಿಂದ ಹಿಂದೆ ‘ಅಂಟಾರ್ಕ್ಟಿಕಮ್’ ಎಂದು ತಿದ್ದಲಾಗಿದ್ದ ವಿಶೇಷಣವು, ಬ್ಯಾಕ್ಟರ್ ಪುಲ್ಲಿಂಗವಾದುದರಿಂದ ಮತ್ತೆ ಮೊದಲಿನ ರೂಪಕ್ಕೆ ಬಂದಿತು.

ಅದೇ ಪರಿಶೀಲನೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಜಪಾನಿನ ವಿಜ್ಞಾನಿಗಳು ವರ್ಣಿಸಿದ್ದ, ‘ಮೀನುಗಳ’ ಎಂಬ ಅರ್ಥದ ಪಿಸಿಯಮ್ ಎಂಬ ಪ್ರಭೇದವೂ ಇದೇ ಎಂದು ಕಂಡುಬಂದಿತು. ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದರೆ ಮೊದಲು ಕ್ರಮಬದ್ಧವಾಗಿ ಪ್ರಕಟವಾದುದಕ್ಕೆ ಹಕ್ಕು ಎಂಬುದು ನಿಯಮ. ಪಿಸಿಯಮ್ ಎಂಬ ಹೆಸರು ಕ್ರಮಬದ್ಧವಾದುದು 1993ರಲ್ಲಿ. ಹೀಗಾಗಿ ಒಂದು ವರ್ಷದ ಅಂತರದಿಂದ ಷಿರ್ಮಾಕರಿನ ಮಣ್ಣಿನ ಹೆಸರೇ ಉಳಿಯಿತು.